ಹತ್ತಡಿ ಕೋಣೆಗೆ ಎಷ್ಟು ಇಂಚಿನ ಟಿವಿ?

ಇಂಜಿನಿಯರಿಂಗ್ ಸೇರಿದ ಮೇಲೆ ಮನೆಯಲ್ಲಿ ನಮಗೊಂದು ಹುದ್ದೆ ತಾನಾಗೇ ಸಿಗುತ್ತದೆ. ಫ್ಯಾನ್ ನಿಂತರೂ ನಮ್ಮನ್ನೇ ಕೇಳ್ತಾರೆ, ಮೊಬೈಲ್ ಹ್ಯಾಂಗ್ ಆದರೂ ನಮ್ಮನ್ನೇ ಕೇಳ್ತಾರೆ. ಹೊಸ ಟಿವಿ ತರಬೇಕು ಅಂದಾಗಲಂತೂ "ಇಷ್ಟು ಓದ್ತೀಯಲ್ಲ, ಯಾವುದು ಒಳ್ಳೇದು ಹೇಳು" ಅಂತ ಗಂಟು ಬೀಳ್ತಾರೆ. ಸಿವಿಲ್ ಓದುವವರಿಗೂ ಇದರಿಂದ ಬಿಡುಗಡೆ ಇಲ್ಲ. ಆಗ ನಾವು ಮಾಡುವುದೇನು? ಮೊಬೈಲ್ ತೆಗೆದು ಯಾವುದಕ್ಕೆ ಹೆಚ್ಚು ಸ್ಟಾರ್ ಬಿದ್ದಿದೆ ನೋಡಿ ಹೇಳಿಬಿಡ್ತೀವಿ. ಅದನ್ನು ನಮ್ಮ ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗನೂ ಮಾಡಬಲ್ಲ. ನಾವು ಓದಿದ್ದು ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಬೇಕಾಗಿರುವುದು ಒಂದು ಅಳತೆ ಟೇಪು, ಸ್ವಲ್ಪ ತ್ರಿಕೋನಮಿತಿ.

ಲೆಕ್ಕಕ್ಕೆ ಒಂದು ಮನೆ ಬೇಕಲ್ಲ, ನಮ್ಮ ಬಳಗದ ಗೆಳೆಯನೊಬ್ಬನ ಮನೆಯನ್ನೇ ತೆಗೆದುಕೊಳ್ಳೋಣ. ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕಾಲದ ಲೈನ್ ಮನೆ. ಮುಂದಿನ ಕೋಣೆ ಹತ್ತಡಿಗೆ ಹತ್ತಡಿ. ತಾತ ಗಣಿಯ ಒಳಗೆ ಡ್ರಿಲ್ಲಿಂಗ್ ಮಾಡಿದವರು. 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿದಾಗ ಮನೆಗೆ ಬಂದವರಿಗೆ ಈಗ ಕಿವಿ ಮಂದ. ಅಜ್ಜಿಗೆ ತಮಿಳು ಸೀರಿಯಲ್ ಬೇಕು, ಅಮ್ಮನಿಗೆ ಕನ್ನಡ ಸೀರಿಯಲ್. ಅಪ್ಪ ಬೆಳಗಿನ ಮಾರಿಕುಪ್ಪಂ ಟ್ರೈನ್ ಹಿಡಿದು ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುವವರು, ಅವರಿಗೆ ಒಂದರ್ಧ ಗಂಟೆ ನ್ಯೂಸ್ ಸಿಕ್ಕರೆ ಸಾಕು. ತಮ್ಮನಿಗೆ ಸಿನಿಮಾ, ಕ್ರಿಕೆಟ್. ದುಡ್ಡು ಎಷ್ಟು ಅಂದರೆ ಅಮ್ಮ ಚೀಟಿ ಎತ್ತಿದ 30,000 ರೂಪಾಯಿ. ಅಷ್ಟೇ. ಇದು ಇನ್ನೊಮ್ಮೆ ಕೂಡಲು ವರ್ಷಗಳು ಬೇಕು.

ಈ ದುಡ್ಡಿಗೆ ಅಂಗಡಿಯಲ್ಲಿ ಎರಡು ದಾರಿ ಕಾಣುತ್ತವೆ. ಎಲ್ಲರಿಗೂ ಗೊತ್ತಿರುವ ಕಂಪನಿಯ 43 ಇಂಚು, ಇಲ್ಲವೇ ಹೆಸರೇ ಕೇಳದ ಕಂಪನಿಯ 55 ಇಂಚು. ಎರಡರ ಡಬ್ಬದ ಮೇಲೂ 4ಕೆ ಅಂತ ದಪ್ಪಕ್ಷರ. ತಮ್ಮ 55 ಅಂತಾನೆ, ಅಮ್ಮ ಸುಮ್ಮನಿದ್ದಾರೆ.

ಮೊದಲು ಕಣ್ಣಿನ ಲೆಕ್ಕ. ಸರಿಯಾದ ದೃಷ್ಟಿ ಇರುವ ಕಣ್ಣು ಸುಮಾರು ಒಂದು ಆರ್ಕ್‌ಮಿನಿಟ್, ಅಂದರೆ ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಅಂತರವಿರುವ ಎರಡು ಚುಕ್ಕೆಗಳನ್ನು ಬೇರೆ ಬೇರೆ ಅಂತ ಗುರುತಿಸುತ್ತದೆ. ಅದನ್ನು ರೇಡಿಯನ್‌ಗೆ ತಂದರೆ 0.000291. ಹತ್ತಡಿ ಕೋಣೆಯಲ್ಲಿ ಟಿವಿ ಇಡುವ ಮೇಜು, ಕೂರುವವರ ಬೆನ್ನಿನ ಜಾಗ ಕಳೆದರೆ ಕಣ್ಣಿಗೂ ಪರದೆಗೂ ನಡುವೆ ಉಳಿಯುವುದು ಎಂಟಡಿ, ಅಂದರೆ 2,440 ಮಿಲಿಮೀಟರ್. ಎರಡನ್ನೂ ಗುಣಿಸಿದರೆ 0.71 ಮಿಲಿಮೀಟರ್. ಆ ಜಾಗದಲ್ಲಿ ಕೂತವರಿಗೆ ಇದಕ್ಕಿಂತ ಸಣ್ಣ ಚುಕ್ಕೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಈಗ ಟಿವಿಯ ಕಡೆ ಬನ್ನಿ. 43 ಇಂಚು ಅನ್ನುವುದು ಮೂಲೆಯಿಂದ ಮೂಲೆಗೆ. ಅಗಲ ಸುಮಾರು 952 ಮಿಲಿಮೀಟರ್. ಫುಲ್ ಎಚ್‌ಡಿ ಅಂದರೆ ಅಡ್ಡಕ್ಕೆ 1,920 ಚುಕ್ಕೆ, ಒಂದೊಂದೂ 0.5 ಮಿಲಿಮೀಟರ್. ಅದೇ ಕಣ್ಣಿನ ಮಿತಿಗಿಂತ ಸಣ್ಣದು! 4ಕೆ ಮಾಡಿದರೆ ಚುಕ್ಕೆ 0.25ಕ್ಕೆ ಇಳಿಯುತ್ತದೆ, ಎಂಟಡಿ ದೂರದಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. 43 ಇಂಚಿನಲ್ಲಿ ಫುಲ್ ಎಚ್‌ಡಿಯ ಚುಕ್ಕೆ ಕಾಣಬೇಕಾದರೆ ಐದೂವರೆ ಅಡಿಗೆ ಬಂದು ಕೂರಬೇಕು. ಹಾಗಂತ 4ಕೆ ಬೇಡ ಅಂತ ನಾವು ಹೇಳುತ್ತಿಲ್ಲ. ಈಗ 43ರಲ್ಲಿ ಬರುವ ಹೆಚ್ಚಿನ ಸೆಟ್‌ಗಳು 4ಕೆಯೇ, ಬಂದರೆ ಬರಲಿ. ಅದಕ್ಕಾಗಿ ಎರಡು ಸಾವಿರ ಜಾಸ್ತಿ ಕೊಡಬೇಡಿ, ಅಷ್ಟೇ.

ನಿಜವಾದ ಪ್ರಶ್ನೆ ಪರದೆಯದ್ದಲ್ಲ, ಅದರೊಳಗೆ ಏನು ಬರುತ್ತದೆ ಅನ್ನುವುದು. ಆ ಮನೆಯಲ್ಲಿ ಇರುವುದು ಲೋಕಲ್ ಕೇಬಲ್, ಸಾಮಾನ್ಯ ಎಸ್‌ಡಿ ಪ್ಯಾಕ್. ಎಸ್‌ಡಿ ಅಂದರೆ ಹೆಚ್ಚೆಂದರೆ 720ಕ್ಕೆ 576, ಒಟ್ಟು 4,14,720 ಚುಕ್ಕೆ. 4ಕೆ ಪರದೆಯಲ್ಲಿ ಇರುವುದು 82,94,400. ಭಾಗಿಸಿ ನೋಡಿ, ಸರಿಯಾಗಿ 20 ಪಟ್ಟು. ಅಂದರೆ ಅಜ್ಜಿ ಸೀರಿಯಲ್ ನೋಡುವಾಗ ಪರದೆಯ 20 ಚುಕ್ಕೆಗಳಲ್ಲಿ 19 ಕೇಬಲ್‌ನಿಂದ ಬಂದದ್ದಲ್ಲ, ಟಿವಿಯೊಳಗಿನ ಚಿಪ್ಪು ಅಕ್ಕಪಕ್ಕ ನೋಡಿ ಅಂದಾಜಿಗೆ ತುಂಬಿದ್ದು. ಒಳ್ಳೆ ಚಿಪ್ಪಾದರೆ ಅಂದಾಜು ನಾಜೂಕಾಗಿರುತ್ತದೆ. ಅಗ್ಗದ್ದಾದರೆ ಮುಖಗಳು ಮೇಣದ ಗೊಂಬೆ ಥರ ಕಾಣುತ್ತವೆ. "ಹೊಸ ಟಿವಿ ತಂದ ಮೇಲೆ ಚಿತ್ರ ಮಸುಕಾಯ್ತು, ಹಳೇದೇ ಚೆನ್ನಾಗಿತ್ತು" ಅಂತ ಹಿರಿಯರು ಹೇಳಿದರೆ ನಗಬೇಡಿ, ಅವರು ಹೇಳುವುದು ಸರಿ.

ಇದನ್ನೂ ಮಿಲಿಮೀಟರ್‌ನಲ್ಲೇ ನೋಡೋಣ. 576 ಗೆರೆಗಳನ್ನು ಪರದೆಯ ಎತ್ತರಕ್ಕೆ ಹಂಚಿದರೆ 32 ಇಂಚಿನಲ್ಲಿ ಒಂದು ಗೆರೆ 0.69, 43ರಲ್ಲಿ 0.93, 55ರಲ್ಲಿ 1.19 ಮಿಲಿಮೀಟರ್. ಎಂಟಡಿಯಲ್ಲಿ ಕಣ್ಣಿನ ಮಿತಿ 0.71 ಅಂತ ಆಗಲೇ ನೋಡಿದೆವು. ಅಂದರೆ ಬರೀ ಎಸ್‌ಡಿ ಕೇಬಲ್ ನೋಡುವ ಹತ್ತಡಿ ಕೋಣೆಗೆ ಅಳತೆ ಮಾಡಿ ಹೊಲಿಸಿದಂತೆ ಕೂರುವುದು 32 ಇಂಚು. 55 ಇಂಚು ಅದೇ ಸೀರಿಯಲ್‌ನ ಕೊಳೆಯನ್ನು ದೊಡ್ಡದು ಮಾಡಿ ತೋರಿಸುತ್ತದೆ. ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಸಿನಿಮಾದೊಳಗೆ ಕೂತ ಹಾಗೆ ಅನ್ನಿಸಲು ಪರದೆ ಕಣ್ಣಿಗೆ ಸುಮಾರು 30 ಡಿಗ್ರಿ ಅಗಲ ತುಂಬಬೇಕು ಅನ್ನುವುದು ಈ ಕ್ಷೇತ್ರದವರು ಬಳಸುವ ಲೆಕ್ಕ. ಎಂಟಡಿಯಲ್ಲಿ 43 ಇಂಚು ತುಂಬುವುದು 22 ಡಿಗ್ರಿ, 55 ಇಂಚು 28. ಹಾಗಾಗಿ ತಮ್ಮನ ವಾದ ಪೂರ್ತಿ ಹುಡುಗಾಟವಲ್ಲ, ಆದರೆ ಅವನಿಗೆ ಎಚ್‌ಡಿ ಮೂಲ ಬೇಕು.

ಮೂಲ ಎಲ್ಲಿಂದ? ಮೊಬೈಲ್ ಹಾಟ್‌ಸ್ಪಾಟ್‌ನಿಂದ ಅಂತ ಯಾರಾದರೂ ಅಂದರೆ ಇದನ್ನು ಹೇಳಿ. ಎಚ್‌ಡಿ ಸ್ಟ್ರೀಮಿಂಗ್ ಗಂಟೆಗೆ ಸುಮಾರು 3 ಜಿಬಿ ತಿನ್ನುತ್ತದೆ, 4ಕೆ ಆದರೆ 7ರ ಸುತ್ತಮುತ್ತ. ದಿನಕ್ಕೆ 2 ಜಿಬಿಯ ಪ್ಯಾಕ್‌ನಲ್ಲಿ ಹೀರೋ ಎಂಟ್ರಿ, ಒಂದು ಫೈಟು, ಒಂದು ಹಾಡು ಮುಗಿಯುವಷ್ಟರಲ್ಲಿ ಡೇಟಾ ಖಾಲಿ. ಬ್ರಾಡ್‌ಬ್ಯಾಂಡ್ ಬೀದಿಗೆ ಬಂದಿದ್ದರೆ ಸರಿ. ಇಲ್ಲದಿದ್ದರೆ ಕೇಬಲ್‌ನವರ ಹತ್ತಿರವೇ ಎಚ್‌ಡಿ ಬಾಕ್ಸ್ ಕೇಳಿ, ಮನೆಯವರು ನೋಡುವ ನಾಲ್ಕೈದು ಚಾನೆಲ್ ಮಾತ್ರ ಎಚ್‌ಡಿಗೆ ಬದಲಿಸಿ. ಜೀ ಕನ್ನಡ, ಕಲರ್ಸ್ ಕನ್ನಡ, ಸನ್ ಟಿವಿ ಎಲ್ಲವೂ ಎಚ್‌ಡಿಯಲ್ಲಿ ಬರುತ್ತವೆ. ಟಿವಿಗೆ ಐದು ಸಾವಿರ ಹೆಚ್ಚು ಸುರಿಯುವುದಕ್ಕಿಂತ ಇದರಿಂದ ಚಿತ್ರ ಎಷ್ಟೋ ಸುಧಾರಿಸುತ್ತದೆ.

ಇನ್ನು ಪ್ಯಾನೆಲ್. ಎಲ್‌ಇಡಿ ಟಿವಿಗಳಲ್ಲಿ ಎರಡು ಜಾತಿ ಹೆಚ್ಚು, ವಿಎ ಮತ್ತು ಐಪಿಎಸ್. ವಿಎ ಪ್ಯಾನೆಲ್‌ನಲ್ಲಿ ಕಪ್ಪು ನಿಜಕ್ಕೂ ಕಪ್ಪಗಿರುತ್ತದೆ, ಕಾಂಟ್ರಾಸ್ಟ್ 3,000ಕ್ಕೆ 1ರ ಮೇಲೆ. ಐಪಿಎಸ್‌ನಲ್ಲಿ ಅದು 1,000ದ ಆಸುಪಾಸು, ಕಪ್ಪು ಬೂದಿಯಾಗಿ ಕಾಣುತ್ತದೆ, ಆದರೆ ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ಅಂಗಡಿಯವರಿಗೆ ಇದು ಸಾಮಾನ್ಯವಾಗಿ ಗೊತ್ತಿರುವುದಿಲ್ಲ, ಕಂಡುಹಿಡಿಯುವ ಕೆಲಸ ನಮ್ಮದು. ಅದಕ್ಕೆ ನಮ್ಮೂರಿನ ಹೆಸರಿನ ಸಿನಿಮಾನೇ ಸಾಕು. 2018ರಲ್ಲಿ ಬಂದ 'ಕೆಜಿಎಫ್'ನ ಗಣಿಯ ದೃಶ್ಯಗಳಲ್ಲಿ ಧೂಳು, ಮಸಿ, ಕತ್ತಲು ಬಿಟ್ಟರೆ ಬೇರೇನಿಲ್ಲ. ಒಂದು ದೃಶ್ಯ ಹಾಕಿಸಿ. ಕಪ್ಪು ಬಟ್ಟೆಯ ಮಡಿಕೆ, ಹಿಂದೆ ನಿಂತವರ ಮುಖ ಬಿಡಿಬಿಡಿಯಾಗಿ ಕಂಡರೆ ಪಾಸ್, ಎಲ್ಲ ಒಂದೇ ಬೂದಿ ಮುದ್ದೆಯಾದರೆ ಫೇಲ್. ಆಮೇಲೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ಎಲ್ಲರೂ ಒಂದೇ ಸಾಲಿನಲ್ಲಿ ಎದುರಿಗೆ ಕೂರುವ ಮನೆಗೆ ವಿಎ ಚೆಂದ. ಲೈನ್ ಮನೆಯಲ್ಲಿ ಹಾಗೆ ಕೂರಲು ಆಗುವುದಿಲ್ಲ: ತಾತ ಮಂಚದ ಮೇಲೆ, ಅಜ್ಜಿ ಬಾಗಿಲ ಪಕ್ಕ, ಉಳಿದವರು ಗೋಡೆಗೆ ಒರಗಿ. ದೀಪ ಹಾಕಿಕೊಂಡೇ ನೋಡುವ ಅಂಥ ಕೋಣೆಗೆ ಕಡುಗಪ್ಪಿಗಿಂತ ಓರೆನೋಟ ಮುಖ್ಯ, ಅಲ್ಲಿ ನಮ್ಮ ಓಟು ಐಪಿಎಸ್‌ಗೆ.

ಈ ಪರೀಕ್ಷೆಗೂ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಸ್ಟೋರ್ ಮೋಡ್ ತೆಗೆಸಿ ಹೋಮ್ ಅಥವಾ ಸಿನಿಮಾ ಮೋಡ್‌ಗೆ ತರಿಸಬೇಕು. ಅಂಗಡಿಯ ಟ್ಯೂಬ್‌ಲೈಟ್ ಸಾಲಿನ ಕೆಳಗೆ ಎದ್ದು ಕಾಣಲಿ ಅಂತ ಬಣ್ಣ, ಬೆಳಕು ಎಲ್ಲ ತುದಿಗೆ ಏರಿಸಿಟ್ಟಿರುತ್ತಾರೆ. ರಾಬರ್ಟ್‌ಸನ್‌ಪೇಟೆಯಲ್ಲಿ ಕೊಂಡರೂ ಬಂಗಾರಪೇಟೆಯಲ್ಲಿ ಕೊಂಡರೂ ಇದನ್ನು ಕೇಳುವ ಹಕ್ಕು ನಿಮಗಿದೆ, ಸಂಕೋಚ ಬೇಡ. ಎಚ್‌ಡಿಆರ್ ಅಂತ ಬರೆದಿದ್ದರೆ ಆ ಸಿಗ್ನಲ್ ಟಿವಿಗೆ ಅರ್ಥವಾಗುತ್ತದೆ ಅಂತ ಮಾತ್ರ. 250 ನಿಟ್ ಬೆಳಕಿನ ಪರದೆಯಲ್ಲಿ ಅದರಿಂದ ಹೆಚ್ಚೇನೂ ಕಾಣುವುದಿಲ್ಲ. ಮೋಷನ್ ರೇಟ್ 120 ಅನ್ನುವುದೂ ಅಂಥದ್ದೇ, ಪ್ಯಾನೆಲ್‌ನ ಅಸಲು ಹರ್ಟ್ಸ್ ಎಷ್ಟು ಅಂತ ಕೇಳಿ.

'ಸ್ಮಾರ್ಟ್' ಅನ್ನುವ ಭಾಗದ ಬಗ್ಗೆ ನಮ್ಮ ಅಭಿಪ್ರಾಯ ಸ್ವಲ್ಪ ಬೇರೆ. ಪರದೆ ಹತ್ತು ವರ್ಷ ಬಾಳಬಹುದು, ಅದರೊಳಗಿನ ಸಾಫ್ಟ್‌ವೇರ್ ಅಷ್ಟು ಬಾಳುವುದಿಲ್ಲ. ಕೆಲವು ವರ್ಷಕ್ಕೆ ಅಪ್‌ಡೇಟ್ ನಿಲ್ಲುತ್ತದೆ, ಆ್ಯಪ್‌ಗಳು ತೆವಳುತ್ತವೆ. ಆಗ ಎಚ್‌ಡಿಎಂಐಗೆ ಒಂದು ಸ್ಟ್ರೀಮಿಂಗ್ ಸ್ಟಿಕ್ ಚುಚ್ಚಿದರೆ ಟಿವಿ ಮತ್ತೆ ಹೊಸದು. ಪ್ಯಾನೆಲ್ ಕೆಟ್ಟಿದ್ದರೆ ಅದಕ್ಕೆ ಯಾವ ಸ್ಟಿಕ್ಕೂ ಇಲ್ಲ. ಆದ್ದರಿಂದ ದುಡ್ಡು ಪ್ಯಾನೆಲ್‌ಗೆ ಹೋಗಲಿ. ಆದರೂ ರ‍್ಯಾಮ್ 2 ಜಿಬಿಗಿಂತ ಕಡಿಮೆ ಬೇಡ, ಸ್ಟೋರೇಜ್ 16 ಇದ್ದರೆ ಒಳ್ಳೇದು. ಹೆಸರೇ ಕೇಳದ ಕಂಪನಿಗಳಲ್ಲಿ ಗೂಗಲ್‌ನ ಪ್ರಮಾಣ ಇಲ್ಲದ ಬರೀ ಆಂಡ್ರಾಯ್ಡ್ ಹಾಕಿರುತ್ತಾರೆ, ಅದರಲ್ಲಿ ಕೆಲವು ಆ್ಯಪ್ ಎಚ್‌ಡಿಯಲ್ಲಿ ಓಡುವುದೇ ಇಲ್ಲ. ಅಂಗಡಿಯಲ್ಲೇ ಓಡಿಸಿ ನೋಡಿ. ರಿಮೋಟ್‌ನ ಮೈಕ್ ಒತ್ತಿ ಕನ್ನಡದಲ್ಲೊಮ್ಮೆ, ತಮಿಳಿನಲ್ಲೊಮ್ಮೆ ಹಾಡು ಕೇಳಿ. ಟೈಪ್ ಮಾಡಲು ಬಾರದ ಅಜ್ಜಿಗೆ ಸ್ಮಾರ್ಟ್ ಅಂದರೆ ಆ ಒಂದು ಬಟನ್ ಮಾತ್ರ.

ತಾತನ ವಿಷಯ. ಡ್ರಿಲ್ಲು, ಸಿಡಿಮದ್ದಿನ ಸದ್ದಿನಲ್ಲಿ ದುಡಿದ ಕಿವಿ ಮೊದಲು ಕಳೆದುಕೊಳ್ಳುವುದು 4,000 ಹರ್ಟ್ಸ್ ಸುತ್ತಲಿನ ಸದ್ದನ್ನು. ಸ, ಶ, ತ, ಕ ಇಂಥ ವ್ಯಂಜನಗಳ ಸ್ಪಷ್ಟತೆ ಇರುವುದು ಹೆಚ್ಚುಕಡಿಮೆ ಅಲ್ಲೇ. ಅದಕ್ಕೇ ಅವರು "ಸದ್ದು ಕೇಳ್ಸುತ್ತೆ, ಮಾತು ತಿಳಿಯಲ್ಲ" ಅನ್ನುವುದು. ವಾಲ್ಯೂಮ್ ಏರಿಸಿದರೆ ಬೇಸ್ ಏರುತ್ತದೆಯೇ ಹೊರತು ಮಾತು ತಿಳಿಯಾಗುವುದಿಲ್ಲ. ತೆಳು ಟಿವಿಗಳಲ್ಲಿ ಸ್ಪೀಕರ್ ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುತ್ತದೆ, ಮಾತು ಗೋಡೆಗೆ ಬಡಿದು ಬರುತ್ತದೆ. ಸೌಂಡ್ ಸೆಟ್ಟಿಂಗ್‌ನಲ್ಲಿ ಮಾತನ್ನು ಎತ್ತಿ ಕೊಡುವ ಮೋಡ್ ಇದೆಯಾ ನೋಡಿ. ಎಆರ್‌ಸಿ ಇರುವ ಎಚ್‌ಡಿಎಂಐ ಇದ್ದರೆ ಮುಂದಕ್ಕೆ ಮುಖ ಮಾಡಿದ ಸಣ್ಣ ಸೌಂಡ್‌ಬಾರ್ ಹಾಕಬಹುದು. 55ರ ಬದಲು 43 ತಂದು ಉಳಿದ ದುಡ್ಡಲ್ಲಿ ಇದನ್ನು ಕೊಂಡರೆ ತಾತ ಮತ್ತೆ ನ್ಯೂಸ್ ಕೇಳಬಹುದು. ಆ ಮನೆಗೆ ನಾವು ಹೇಳಿದ್ದು ಇದನ್ನೇ.

ಕರೆಂಟಿನ ಮಾತು ಬಂದರೆ ಕೆಜಿಎಫ್‌ಗೆ ದೊಡ್ಡ ಚರಿತ್ರೆಯೇ ಇದೆ. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಇಲ್ಲಿಗೆ ವಿದ್ಯುತ್ ತಂದದ್ದು 1902ರಲ್ಲಿ, ಬೆಂಗಳೂರಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ. ಆದರೆ ಹಳೆ ವೈರಿಂಗ್‌ಗೆ ಚರಿತ್ರೆ ಇದ್ದು ಏನು ಪ್ರಯೋಜನ? ಟಿವಿ ಬೆನ್ನ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿದ್ದರೆ ಸಂಜೆಯ ಲೋ ವೋಲ್ಟೇಜನ್ನು ಅದರ ಎಸ್‌ಎಂಪಿಎಸ್ ತಾನೇ ನೋಡಿಕೊಳ್ಳುತ್ತದೆ, ಸ್ಟೆಬಿಲೈಸರ್‌ಗೆ ದುಡ್ಡು ಹಾಕುವ ಮೊದಲು ಅದನ್ನು ಓದಿ. ಅಪಾಯ ಇರುವುದು ಸಿಡಿಲಿನ ಸರ್ಜ್‌ನಲ್ಲಿ. ಅದು ಪ್ಲಗ್‌ನಿಂದ ಮಾತ್ರವಲ್ಲ, ಕಂಬದಿಂದ ಕಂಬಕ್ಕೆ ಬರುವ ಕೇಬಲ್ ವೈರಿನಿಂದಲೂ ಒಳಗೆ ಬರುತ್ತದೆ. ಗುಡುಗು ಶುರುವಾದರೆ ಎರಡನ್ನೂ ಕೀಳಿ. ಸೆಟ್‌ಟಾಪ್ ಬಾಕ್ಸಿನ ಲೋಹ ಮುಟ್ಟಿದಾಗ ಚುರ್ ಅನ್ನುತ್ತಿದ್ದರೆ ಅರ್ಥಿಂಗ್ ಪರೀಕ್ಷೆ ಮಾಡಿಸಿ, ಆಮೇಲೆ ಟಿವಿ ತನ್ನಿ. ಬಿಲ್ಲಿನ ಚಿಂತೆ ಅಷ್ಟಿಲ್ಲ: 80 ವಾಟ್ ಟಿವಿ ದಿನಕ್ಕೆ ಐದು ಗಂಟೆ ಓಡಿದರೆ ತಿಂಗಳಿಗೆ 12 ಯೂನಿಟ್. ಹಳೆ 21 ಇಂಚಿನ ಡಬ್ಬ ಟಿವಿಯೂ ಹತ್ತಿರ ಹತ್ತಿರ ಅಷ್ಟೇ ತಿನ್ನುತ್ತಿತ್ತು. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಯಾದರೆ ಬಿಇಇ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ನೋಡಿಕೊಳ್ಳಿ.

ಗಾಳಿ ಕಾಲದಲ್ಲಿ ಸೈನೈಡ್ ದಿಬ್ಬಗಳ ನುಣುಪು ಧೂಳು ಮನೆಯೊಳಗೇ ಬರುತ್ತದೆ ಅನ್ನುವುದು ಕೆಜಿಎಫ್‌ನವರಿಗೆ ಹೇಳಬೇಕಿಲ್ಲ. ಟಿವಿಯ ಹಿಂದಿನ ಗಾಳಿಕಿಂಡಿಗಳನ್ನು ಒಣ ಬ್ರಶ್‌ನಿಂದ ಆಗಾಗ ಗುಡಿಸಿ, ಪರದೆಗೆ ನೀರು ಹಾಕಬೇಡಿ. ಹಳೆ ಲೈನ್ ಮನೆಯ ಗೋಡೆಗೆ ಮೊಳೆ ಹೊಡೆದರೆ ಗಾರೆ ಉದುರುತ್ತದೆ. ಅಲ್ಲಿ ಗೋಡೆಗೆ ನೇತುಹಾಕುವುದಕ್ಕಿಂತ ಗಟ್ಟಿ ಮೇಜಿನ ಮೇಲೆ, ಕೂತವರ ಕಣ್ಣಿನ ಮಟ್ಟಕ್ಕೆ ಇಡುವುದೇ ಸರಿ.

ಬೆಲೆ ಕೇಳುವಾಗ ಒಂದು ನೆನಪಿಡಿ: 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ. ಹಳೆ ಬೆಲೆಯ ಚೀಟಿ ತೋರಿಸಿ 'ಡಿಸ್ಕೌಂಟ್' ಅಂದರೆ ಮೊದಲು ಈ ಇಳಿಕೆಯನ್ನು ಕಳೆದು ಲೆಕ್ಕ ಹಾಕಿ. ಸರ್ವಿಸ್‌ನವರು ಕೋಲಾರದಿಂದ ಬರ್ತಾರಾ, ಬೆಂಗಳೂರಿನಿಂದ ಬರಬೇಕಾ, ಮನೆಗೇ ಬರ್ತಾರಾ ಅನ್ನುವುದನ್ನು ದುಡ್ಡು ಕೊಡುವ ಮೊದಲು ಕೇಳಿ. ಕೆಟ್ಟ ಟಿವಿಯನ್ನು ಬೆಳಗಿನ ಮಾರಿಕುಪ್ಪಂ ಟ್ರೈನ್‌ನಲ್ಲಿ ಹೊತ್ತುಕೊಂಡು ಹೋಗುವುದನ್ನು ಒಮ್ಮೆ ಊಹಿಸಿಕೊಂಡರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ.

ಅಂಗಡಿಗೆ ಹೊರಡುವ ಹಿಂದಿನ ರಾತ್ರಿ ಒಂದು ಪೆನ್‌ಡ್ರೈವ್ ತಯಾರು ಮಾಡಿಕೊಳ್ಳಿ: ಬರೀ ಕೆಂಪು, ಬರೀ ಹಸಿರು, ಬರೀ ನೀಲಿ, ಬರೀ ಬಿಳಿ, ಬರೀ ಕಪ್ಪು, ಹೀಗೆ ಐದು ಚಿತ್ರ. ಟಿವಿ ಮನೆಗೆ ಬಂದು ಹಾಕಿದವರು ಇನ್ನೂ ಅಲ್ಲೇ ಇರುವಾಗ ಒಂದೊಂದಾಗಿ ಪರದೆ ತುಂಬ ಹಾಕಿ. ಸತ್ತ ಚುಕ್ಕೆ, ಮೂಲೆಯಲ್ಲಿ ಸೋರುವ ಬೆಳಕು ಎರಡೂ ಆಗಲೇ ಕಾಣುತ್ತವೆ. ಏನಾದರೂ ಕಂಡರೆ ಅವರ ಎದುರೇ ಫೋಟೊ ತೆಗೆದು, ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಇದೆಯಾ ನೋಡಿ, ಡಬ್ಬ ಮತ್ತು ಥರ್ಮಾಕೋಲನ್ನು ಬದಲಿ ಕೊಡುವ ಗಡುವು ಮುಗಿಯುವ ತನಕ ಮಂಚದ ಕೆಳಗೆ ತಳ್ಳಿಡಿ.