ಪಾರ್ಕಿನ್ಸನ್ ಕಾಯಿಲೆ: ಉಸಿರಾಟದ ಅಭ್ಯಾಸ, ಧ್ಯಾನ ಎಷ್ಟು ನೆರವಾಗುತ್ತದೆ?



ಸ್ವಸಹಾಯ ಸಂಘಗಳ ಸಭೆಗೆ ಹೋದಾಗ ಈಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಸಿಸ್ಟರ್, ನಮ್ಮ ಮಾವಂಗೆ ಕೈ ನಡುಗೋ ಕಾಯಿಲೆ. ಪ್ರಾಣಾಯಾಮ ಮಾಡಿದ್ರೆ ವಾಸಿ ಆಗುತ್ತಂತೆ, ಹೌದಾ?"

ವಾಸಿ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಾಗೆಂದು ಉಸಿರಾಟದ ಅಭ್ಯಾಸದಿಂದ ಪ್ರಯೋಜನವೇ ಇಲ್ಲ ಎಂದಲ್ಲ. ಏನು ಪ್ರಯೋಜನ, ಯಾವ ರೀತಿ ಮಾಡಬೇಕು, ಏನು ಮಾಡಬಾರದು ಎಂಬುದನ್ನು ಈ ಪಾಠದಲ್ಲಿ ನೋಡೋಣ. ಇದರಲ್ಲಿ ಸ್ವಲ್ಪ ಓದಿ ತಿಳಿದದ್ದು, ಸ್ವಲ್ಪ ನಾನು ತಪ್ಪು ಮಾಡಿ ಕಲಿತದ್ದು.

ಕಾಯಿಲೆಯ ಪರಿಚಯ

ಜೇಮ್ಸ್ ಪಾರ್ಕಿನ್ಸನ್ ಎಂಬ ಲಂಡನ್ನಿನ ವೈದ್ಯರು 1817ರಲ್ಲಿ ಈ ಕಾಯಿಲೆಯ ಲಕ್ಷಣಗಳನ್ನು ವಿವರಿಸಿ ಒಂದು ಪುಸ್ತಕ ಪ್ರಕಟಿಸಿದರು. ಅವರ ಹೆಸರೇ ಕಾಯಿಲೆಗೆ ಬಂತು. ಅವರು ಹುಟ್ಟಿದ ದಿನವಾದ ಏಪ್ರಿಲ್ 11ನ್ನು ವಿಶ್ವ ಪಾರ್ಕಿನ್ಸನ್ ದಿನ ಎಂದು ಆಚರಿಸುತ್ತಾರೆ. ನಮ್ಮಲ್ಲಿ ಆಯುರ್ವೇದ ಪಂಡಿತರು ಇದನ್ನು ಕಂಪವಾತ ಎನ್ನುತ್ತಾರೆ.

ಮಿದುಳಿನ ಆಳದಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳಿವೆ. ನಾವು ಯೋಚನೆಯೇ ಮಾಡದೆ ನಡೆಯುವುದಕ್ಕೆ, ಕೈ ಬೀಸುವುದಕ್ಕೆ, ಅಂಗಿ ಗುಂಡಿ ಹಾಕಿಕೊಳ್ಳುವುದಕ್ಕೆ ಈ ಡೋಪಮಿನ್ ಬೇಕು. ಆ ಜೀವಕೋಶಗಳು ವರ್ಷಗಳ ಕಾಲ ಒಂದೊಂದಾಗಿ ಸಾಯುತ್ತಾ ಬಂದಾಗ ಚಲನೆ ನಿಧಾನವಾಗುತ್ತದೆ, ಮೈ ಬಿಗಿಯುತ್ತದೆ, ಕೈ ನಡುಗುತ್ತದೆ. ನಡುಕ ಎಲ್ಲರಿಗೂ ಇರುವುದಿಲ್ಲ. ಬರೀ ನಿಧಾನ ಮತ್ತು ಬಿಗಿತ ಇರುವವರೂ ಇದ್ದಾರೆ. ಅವರನ್ನು ಮನೆಯವರು "ವಯಸ್ಸಾಯ್ತು" ಎಂದೋ "ಸೋಮಾರಿ" ಎಂದೋ ತಿಳಿದುಕೊಂಡು ಎಷ್ಟೋ ಕಾಲ ಡಾಕ್ಟರ ಹತ್ತಿರ ಕರೆದುಕೊಂಡೇ ಹೋಗಿರುವುದಿಲ್ಲ.

ಇದಲ್ಲದೆ ಹೊರಗೆ ಕಾಣದ ತೊಂದರೆಗಳೂ ಇವೆ: ಮಲಬದ್ಧತೆ, ನಿದ್ದೆ ಕೆಡುವುದು, ಎದ್ದು ನಿಂತಾಗ ರಕ್ತದೊತ್ತಡ ಇಳಿದು ತಲೆ ಸುತ್ತುವುದು, ಧ್ವನಿ ಸಣ್ಣದಾಗುವುದು, ಆತಂಕ, ಖಿನ್ನತೆ. ಆತಂಕ ಅವರ ಸ್ವಭಾವ ದೋಷವಲ್ಲ, ಕಾಯಿಲೆಯದೇ ಒಂದು ಭಾಗ. ಉಸಿರಾಟ, ಧ್ಯಾನಗಳ ಕೆಲಸ ಇರುವುದು ಹೆಚ್ಚಾಗಿ ಇಲ್ಲೇ.

ನಾನು ಮಾಡಿದ ತಪ್ಪು

ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿಯಲ್ಲಿ ಒಬ್ಬ ನಿವೃತ್ತ ಪ್ರಾಥಮಿಕ ಶಾಲಾ ಮೇಷ್ಟ್ರ ಮನೆಗೆ ಹೋಗುತ್ತಿದ್ದೆ. ಮೂವತ್ತು ವರ್ಷ ಹಾಜರಿ ಕೂಗಿದ ಮನುಷ್ಯ. ಈಗ ಅವರ ಮಾತು ಕೇಳಿಸಬೇಕಾದರೆ ಬಾಯಿ ಹತ್ತಿರ ಕಿವಿ ಇಡಬೇಕಿತ್ತು. ಮದುವೆ ಮುಂಜಿಗೆ ಹೋಗುವುದು ಬಿಟ್ಟಿದ್ದರು. "ಎಲೆ ಮುಂದೆ ಕೂತ್ರೆ ಸಾರು ಬಾಯಿಗಿಂತ ಪಂಚೆ ಮೇಲೇ ಜಾಸ್ತಿ ಬೀಳುತ್ತೆ ಸಿಸ್ಟರ್, ಎಲ್ಲರೂ ನೋಡ್ತಾರೆ" ಎಂದರು.

ನಾನು ಆಗ ತರಬೇತಿಯೊಂದರಲ್ಲಿ ಕಲಿತು ಬಂದಿದ್ದೆ. ಉತ್ಸಾಹ ಜಾಸ್ತಿ. ಅವರನ್ನು ಚಾಪೆ ಮೇಲೆ ಚಕ್ಕಂಬಕ್ಕಳ ಹಾಕಿ ಕೂರಿಸಿ, ಕಣ್ಣು ಮುಚ್ಚಿಸಿ, ಕೈಗಳನ್ನು ತೊಡೆಯ ಮೇಲೆ ಇಡಿಸಿ, ಇಪ್ಪತ್ತು ನಿಮಿಷ ಅಲುಗಾಡದೆ ಇರಿ ಎಂದೆ. ಐದು ನಿಮಿಷಕ್ಕೆ ಬಲಗೈ ಮೊದಲಿಗಿಂತ ಜೋರಾಗಿ ನಡುಗತೊಡಗಿತು. "ಮನಸ್ಸು ಶಾಂತ ಮಾಡ್ಕೊಳ್ಳಿ ಮೇಷ್ಟ್ರೇ, ತಾನಾಗೇ ನಿಲ್ಲುತ್ತೆ" ಎಂದೆ. ನಿಲ್ಲಲಿಲ್ಲ. ಕೊನೆಗೆ ಏಳುವಾಗ ತಲೆ ಸುತ್ತಿ ವಾಲಿದರು. ಅವರ ಹೆಂಡತಿ ಓಡಿಬಂದು ಹಿಡಿದುಕೊಳ್ಳದಿದ್ದರೆ ಬಿದ್ದೇ ಬಿಡುತ್ತಿದ್ದರು. "ಇಷ್ಟು ಸುಲಭದ್ದೂ ನನ್ನ ಕೈಲಿ ಆಗಲ್ಲ ಅಂದ್ರೆ..." ಎಂದು ಮೇಷ್ಟ್ರು ಅಂದದ್ದು ನನಗೆ ಬಹಳ ದಿನ ಚುಚ್ಚಿತು.

ತಪ್ಪು ಅವರದ್ದಲ್ಲ. ಪಾರ್ಕಿನ್ಸನ್ ನಡುಕ ಸಾಮಾನ್ಯವಾಗಿ ಕೈ ಸುಮ್ಮನೆ ವಿಶ್ರಾಂತಿಯಲ್ಲಿ ಇದ್ದಾಗಲೇ ಹೆಚ್ಚು ಕಾಣುತ್ತದೆ. ಲೋಟ ಹಿಡಿಯಲು ಕೈ ಚಾಚಿದಾಗ ಕಡಿಮೆಯಾಗುವುದೂ ಉಂಟು. ಅಂದಮೇಲೆ ಧ್ಯಾನಕ್ಕೆ ಕೈ ಬಿಟ್ಟು ಕೂತರೆ ನಡುಕ ಕಾಣಿಸಿಕೊಳ್ಳಲೇ ಬೇಕು. ಯಾರಾದರೂ ನೋಡುತ್ತಿದ್ದಾರೆ, ನಿಲ್ಲಿಸಬೇಕು ಎಂಬ ಒತ್ತಡ ಸೇರಿದರೆ ಇನ್ನೂ ಜಾಸ್ತಿ. ಇದು ಧ್ಯಾನ ಕೆಟ್ಟಿದ್ದರ ಗುರುತಲ್ಲ. ಇದನ್ನು ಮೊದಲ ದಿನವೇ ರೋಗಿಗೂ ಮನೆಯವರಿಗೂ ಬಿಡಿಸಿ ಹೇಳಬೇಕು.

ಹೇಗೆ ಮಾಡಬೇಕು?

ಮುಂದಿನ ಸಲ ಮೇಷ್ಟ್ರನ್ನು ಕೈಯಿರುವ ಗಟ್ಟಿ ಕುರ್ಚಿಯಲ್ಲಿ, ಗೋಡೆಗೆ ತಾಗಿಸಿ ಕೂರಿಸಿದೆವು. ಎರಡೂ ಪಾದ ನೆಲಕ್ಕೆ ಊರಿರಬೇಕು. ತೊಡೆಯ ಮೇಲೆ ಒಂದು ದಿಂಬು, ಅದರ ಮೇಲೆ ಕೈ. ಕಣ್ಣು ಪೂರ್ತಿ ಮುಚ್ಚುವುದು ಬೇಡ. ಅರ್ಧ ತೆರೆದು ಅಂಗಳದ ತುಳಸಿ ಕಟ್ಟೆ ಕಡೆ ನೋಡುತ್ತಿರಲಿ ಎಂದೆ. ಈ ಕಾಯಿಲೆಯವರಿಗೆ ಮಾತ್ರೆಯಿಂದಲೂ ತೂಕಡಿಕೆ ಬರುತ್ತದೆ, ಕಣ್ಣು ಮುಚ್ಚಿದರೆ ನಿದ್ದೆಗೇ ಹೋಗುತ್ತಾರೆ. ಇಲ್ಲದ್ದು ಕಂಡಂತಾಗುವ ತೊಂದರೆ ಇರುವವರನ್ನಂತೂ ಕತ್ತಲೆ ಕೋಣೆಯಲ್ಲಿ ಒಬ್ಬರನ್ನೇ ಕೂರಿಸಬೇಡಿ.

ಹೊತ್ತು ಮುಖ್ಯ. ಮಾತ್ರೆ ತೆಗೆದುಕೊಂಡು ಮುಕ್ಕಾಲು ಗಂಟೆ, ಒಂದು ಗಂಟೆಯಾದ ಮೇಲೆ, ಮೈ ಸ್ವಲ್ಪ ಸಡಿಲವಾಗಿರುವಾಗ ಮಾಡಿಸಿ. ಊಟವಾದ ತಕ್ಷಣ ಬೇಡ.

ಒಂದು ಕೈ ಹೊಟ್ಟೆ ಮೇಲೆ ಇಟ್ಟುಕೊಳ್ಳಲಿ. ಮೂಗಿನಿಂದ ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ಉಸಿರು ಒಳಗೆ. ಹೊಟ್ಟೆ ಮೆಲ್ಲಗೆ ಉಬ್ಬಬೇಕು. ಹೊರಗೆ ಬಿಡುವಾಗ ಬಿಸಿ ಕಾಫಿ ಆರಿಸುವವರ ಹಾಗೆ ತುಟಿ ಮುಂದೆ ಮಾಡಿ ಐದು ಎಣಿಸುವಷ್ಟು. ಬಿಗಿ ಹಿಡಿಯುವುದು ಬೇಡ. ಎದೆಯ ಸ್ನಾಯುಗಳೂ ಬಿಗಿದಿರುವುದರಿಂದ ಐದು ಆಗದಿದ್ದರೆ ನಾಲ್ಕೇ ಸಾಕು, ಮನೆಯವರು ಲೆಕ್ಕ ಹಿಡಿದು ಬಲವಂತ ಮಾಡಬಾರದು. ಮೊದಲ ವಾರ ಐದು ನಿಮಿಷ, ಆಮೇಲೆ ಹತ್ತು. ಹೊರಗೆ ಬಿಡುವ ಉಸಿರು ಉದ್ದವಾದಾಗ ಹೃದಯದ ಬಡಿತ ಸ್ವಲ್ಪ ನಿಧಾನವಾಗುತ್ತದೆ, ಹೆದರಿಕೆಯ ಬಿಗಿ ಇಳಿಯುತ್ತದೆ.

ನಡುಗುವ ಕೈಯನ್ನು ಏನು ಮಾಡುವುದು? ಏನೂ ಮಾಡುವುದು ಬೇಡ. "ನಡುಗ್ತಾ ಇದೆ, ನಡುಗಲಿ" ಎಂದು ಗಮನವನ್ನು ಮತ್ತೆ ಉಸಿರಿಗೆ ತರುವುದು. ಧ್ಯಾನ ಎಂದರೆ ಇಲ್ಲಿ ಇಷ್ಟೇ. ಮೇಷ್ಟ್ರು ಇದಕ್ಕೆ ತಮ್ಮದೇ ಉಪಮೆ ಕೊಟ್ಟರು: "ಹಿಂದಿನ ಬೆಂಚಿನ ತುಂಟ ಹುಡುಗ ಇದ್ದ ಹಾಗೆ. ಅವನನ್ನೇ ನೋಡ್ತಾ ಇದ್ರೆ ಪಾಠ ನಡೆಯಲ್ಲ."

ಮುಗಿದ ಮೇಲೆ ತಟ್ಟನೆ ಏಳಬಾರದು. ಕೂತಲ್ಲೇ ಪಾದ ಹತ್ತು ಸಲ ಮೇಲೆ ಕೆಳಗೆ ಆಡಿಸಿ, ಕುರ್ಚಿಯ ಕೈ ಹಿಡಿದು ಎದ್ದು, ಸ್ವಲ್ಪ ನಿಂತು, ಆಮೇಲೆ ಹೆಜ್ಜೆ. ಕಪಾಲಭಾತಿ, ಭಸ್ತ್ರಿಕಾ, ಬಹಳ ಹೊತ್ತು ಉಸಿರು ಕಟ್ಟುವುದು, ಇವನ್ನು ಇವರಿಗೆ ಮಾಡಿಸಬೇಡಿ. ಟಿವಿ ನೋಡಿ ಕಲಿತದ್ದಂತೂ ಬೇಡವೇ ಬೇಡ.

ಗುಂಯ್‌ಗುಡುವುದು, ಹಾಜರಿ ಕೂಗುವುದು

ಮೇಷ್ಟ್ರಿಗೆ ಇಷ್ಟವಾದದ್ದು ಭ್ರಾಮರಿ. ಉಸಿರು ತೆಗೆದುಕೊಂಡು ಬಾಯಿ ಮುಚ್ಚಿ ಜೇನುಹುಳದ ಹಾಗೆ ಗುಂಯ್ ಎಂದು ಬಿಡುವುದು. ಕಿವಿ ಮುಚ್ಚಲು ಕೈ ಎತ್ತಬೇಕಿಲ್ಲ. ಇದರ ಬೆನ್ನಿಗೇ ಬಾಯಿ ತೆರೆದು ಗಟ್ಟಿಯಾಗಿ "ಆ..." ಎನ್ನಿಸುತ್ತಿದ್ದೆವು. ಆಮೇಲೆ ಅವರ ಹಳೆಯ ಹಾಜರಿ ಪುಸ್ತಕದ ಹೆಸರುಗಳನ್ನು ಹಿತ್ತಲಲ್ಲಿ ಅಡಿಕೆ ಸುಲಿಯುವವರಿಗೆ ಕೇಳಿಸುವಂತೆ ಕೂಗಬೇಕು. ಅಲ್ಲಿಂದ ಹೆಂಗಸರು "ಹಾಜರ್ ಸಾರ್!" ಎನ್ನುವವರು. ಗಟ್ಟಿ ಧ್ವನಿಯ ಅಭ್ಯಾಸ ಹುಡುಗಾಟವಲ್ಲ. ಪಾರ್ಕಿನ್ಸನ್‌ನವರ ಮಾತಿಗೆ ಇದನ್ನೇ ಆಧಾರ ಮಾಡಿಕೊಂಡ ಚಿಕಿತ್ಸೆಯೊಂದು ಅಮೆರಿಕಾದಲ್ಲಿ 1980ರ ದಶಕದಿಂದ ಬೆಳೆದು ಬಂದಿದೆ. ಸರಿಯಾಗಿ ಕಲಿಯಲು ಮಾತಿನ ಚಿಕಿತ್ಸಕರ ಹತ್ತಿರ ಹೋಗಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮಗೆ ಇರುವ ದೊಡ್ಡ ಅನುಕೂಲ. ನೀರು ಕುಡಿಯುವಾಗ ಪದೇ ಪದೇ ಕೆಮ್ಮು ಬರುತ್ತಿದ್ದರೆ ನುಂಗುವ ತೊಂದರೆ ಇರಬಹುದು. ಅದನ್ನು ಮನೆಯಲ್ಲಿ ಸರಿಮಾಡಲು ಹೋಗದೆ ತಡಮಾಡದೆ ತೋರಿಸಿ.

ಹೊಸಿಲ ಹತ್ತಿರ ಕಾಲು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುವುದು ಹಲವರಿಗೆ ಇರುತ್ತದೆ. ಆಗ ಹಿಂದಿನಿಂದ ತಳ್ಳಬಾರದು, "ಬೇಗ ಬಾ" ಎನ್ನಬಾರದು. ನಿಲ್ಲಲಿ, ಒಂದು ಉದ್ದ ಉಸಿರು ಬಿಡಲಿ, ಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ವಾಲಿಸಲಿ, ಆಮೇಲೆ ದೊಡ್ಡ ಹೆಜ್ಜೆ ಇಡಲಿ.

ಮಾತ್ರೆ ಬಿಡಬೇಡಿ

ಇನ್ನೊಂದು ಊರಲ್ಲಿ ಒಬ್ಬ ತಾಯಿ, ಶಿಬಿರವೊಂದರಲ್ಲಿ "ಇನ್ನು ಮಾತ್ರೆ ಬೇಡ, ಉಸಿರೇ ಔಷಧಿ" ಎಂದು ಯಾರೋ ಹೇಳಿದ್ದನ್ನು ನಂಬಿ ಒಮ್ಮೆಲೇ ಮಾತ್ರೆ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಮೈ ಮರದಂತೆ ಬಿಗಿದು, ಜ್ವರ ಏರಿ, ಮಾತು ನಿಂತು, ಆಂಬುಲೆನ್ಸಿನಲ್ಲಿ ಆಸ್ಪತ್ರೆ ಸೇರಿದರು. ಲೆವೊಡೋಪಾ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಾಗಬಹುದು. ಡಾಕ್ಟರು ಹೇಳದೆ ಒಂದು ಹೊತ್ತಿನದನ್ನೂ ಬದಲಿಸಬೇಡಿ. ನಸುಗುನ್ನಿ ಬೀಜದಲ್ಲಿ ಇದೇ ಲೆವೊಡೋಪಾ ಇದೆ ಎಂಬುದು ನಿಜ. ಅದಕ್ಕೇ ಮಾತ್ರೆ ಜೊತೆ ಆ ಪುಡಿಯನ್ನೂ ಹೇಳದೆ ಕೇಳದೆ ತಿನ್ನುವುದು ಸರಿಯಲ್ಲ. ಅಂದಹಾಗೆ, ಮಾತ್ರೆಯ ಶಕ್ತಿ ಇಳಿಯುವ ಹೊತ್ತಿಗೇ ದಿನಾ ಆತಂಕ ಬರುತ್ತಿದ್ದರೆ ಗಂಟೆ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಉಸಿರಾಟ ಆ ಅರ್ಧ ಗಂಟೆ ದಾಟಿಸಬಹುದು, ಕಾರಣ ಸರಿಮಾಡುವುದು ಡಾಕ್ಟರ ಕೆಲಸ.

ಹಾಗಾದರೆ ಇದಕ್ಕೆಲ್ಲ ಆಧಾರವಿದೆಯೇ? ಹಾಂಗ್‌ಕಾಂಗ್‌ನಲ್ಲಿ 138 ಪಾರ್ಕಿನ್ಸನ್ ರೋಗಿಗಳ ಮೇಲೆ ಎಂಟು ವಾರ ನಡೆಸಿದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ಉಸಿರು, ಧ್ಯಾನ ಸೇರಿದ ಯೋಗ, ಉಳಿದವರಿಗೆ ಮಾಮೂಲಿ ವ್ಯಾಯಾಮ. ಚಲನೆಯಲ್ಲಿ ಎರಡೂ ಗುಂಪಿಗೆ ಹೆಚ್ಚು ಕಡಿಮೆ ಒಂದೇ ಲಾಭ. ಆತಂಕ, ಖಿನ್ನತೆ ಮಾತ್ರ ಯೋಗದ ಗುಂಪಿನಲ್ಲಿ ಹೆಚ್ಚು ಇಳಿದಿತ್ತು. ನಾನು ಮನೆಗಳಲ್ಲಿ ಕಂಡದ್ದೂ ಅದೇ. ಮೇಷ್ಟ್ರ ನಡುಕ ಹೋಗಲಿಲ್ಲ. ಆದರೆ ಮುಂದಿನ ಬೇಸಿಗೆಯಲ್ಲಿ ತಮ್ಮನ ಮಗಳ ಮದುವೆಗೆ ಹೋದರು, ಎಲೆ ಮುಂದೆ ಕೂತರು. ಹೆಂಡತಿ ಹೆಗಲ ಮೇಲೆ ಒಂದು ಟವೆಲ್ ಹಾಕಿ ಕಳಿಸಿದ್ದರು, ಅಷ್ಟೇ.

ಆ ಹೆಂಡತಿಯ ವಿಚಾರವನ್ನೂ ಹೇಳಬೇಕು. ರಾತ್ರಿ ಮೂರು ನಾಲ್ಕು ಸಲ ಎದ್ದು ಮಗ್ಗುಲು ಬದಲಿಸುವವರು ಅವರು. "ನಾನೂ ಕೂತ್ಕೊಳ್ಲಾ ಸಿಸ್ಟರ್?" ಎಂದು ಒಂದು ದಿನ ಪಕ್ಕದ ಸ್ಟೂಲಿನಲ್ಲಿ ಕೂತರು. ಆ ಹತ್ತು ನಿಮಿಷ ಇಡೀ ದಿನದಲ್ಲಿ ಯಾರೂ ಅವರನ್ನು ಕರೆಯದ ಹೊತ್ತು. ಅಂದಿನಿಂದ ನಾನು ಎಲ್ಲ ಮನೆಗಳಲ್ಲೂ ಎರಡು ಕುರ್ಚಿ ಹಾಕಿಸುತ್ತೇನೆ.

ಕೊನೆಗೊಂದು ಮಾಹಿತಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧದ ವೈಕಲ್ಯಗಳಲ್ಲಿ ಪಾರ್ಕಿನ್ಸನ್ ಕಾಯಿಲೆಯೂ ಸೇರಿದೆ. ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು. ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.

ಸಂಘದ ಸಭೆಯಲ್ಲಿ ಚರ್ಚೆಗೆ

1. ನಮ್ಮ ಬೀದಿಯಲ್ಲಿ ಮದುವೆ, ಸಂತೆ, ಸಭೆಗೆ ಬರುವುದನ್ನು ನಿಲ್ಲಿಸಿದ ಹಿರಿಯರು ಯಾರಿದ್ದಾರೆ? ಯಾಕೆ ನಿಲ್ಲಿಸಿದರು ಎಂದು ಯಾರಾದರೂ ಕೇಳಿದ್ದೇವೆಯೇ?
2. ಅವರನ್ನು ನೋಡಿಕೊಳ್ಳುವವರಿಗೆ ವಾರದಲ್ಲಿ ಒಂದು ಮಧ್ಯಾಹ್ನ ಬಿಡುವು ಕೊಡಲು ನಮ್ಮಲ್ಲಿ ಯಾರು ಹೋಗಿ ಕೂರಬಹುದು?