ದ್ವೀಪದ ಊರಿಗೆ ಹೋಗುವ ಲೆಕ್ಕ

ಉಜಿರೆಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ವಾಯವ್ಯದ ಕಡೆಗೆ ದೃಷ್ಟಿ ಹಾಯಿಸಿದರೆ, ಅಡಿಕೆ ಮರಗಳ ತಲೆಯ ಮೇಲಿಂದ ಗಡಾಯಿಕಲ್ಲಿನ ಕರಿಯ ಬೋಳು ನೆತ್ತಿ ಕಾಣಿಸುತ್ತದೆ. ಸಂಜೆಯ ಕಾಫಿಯ ಹೊತ್ತಿಗೆ ಆ ಬಂಡೆಯನ್ನು ನೋಡುತ್ತ ಖರ್ಚಿನ ಪುಸ್ತಕ ಬರೆಯುವುದು ತೀರ್ಥರೂಪರ ಕಾಲದಿಂದ ನಮ್ಮಲ್ಲಿ ನಡೆದು ಬಂದ ಪದ್ಧತಿ. ಈ ಪುಸ್ತಕದಲ್ಲಿ ಈಗ ಎದುರುಬದುರಾದ ಎರಡು ಪುಟಗಳಿವೆ: ಒಂದರ ತಲೆಯ ಮೇಲೆ ‘ಶ್ರೀರಂಗಪಟ್ಟಣ’ ಎಂದೂ ಇನ್ನೊಂದರ ಮೇಲೆ ‘ಸೈಂಟ್ ಲೂಯಿ’ ಎಂದೂ ಬರೆದಿದೆ. ಎರಡೂ ನದಿಯ ನಡುವಿನ ದ್ವೀಪಗಳ ಮೇಲೆ ಬೆಳೆದ ಊರುಗಳು. ಎರಡೂ ಒಂದು ಕಾಲಕ್ಕೆ ರಾಜಧಾನಿಗಳಾಗಿದ್ದು ಅನಂತರ ಆ ಪಟ್ಟವನ್ನು ಬೇರೆ ಊರಿಗೆ ಬಿಟ್ಟುಕೊಟ್ಟಂಥವು.

ಎರಡನೆಯ ಪುಟಕ್ಕೆ ಕಾರಣನಾದವನು ನನ್ನ ಸೋದರಳಿಯ. ನಮ್ಮ ಕರಾವಳಿಯ ಗೇರುಬೀಜದ ಕಾರ್ಖಾನೆಗಳಿಗೆ ನಮ್ಮ ಗುಡ್ಡಗಳ ಬೆಳೆಯು ಸಾಲದೆ ಹೋಗುವುದರಿಂದ ಪಶ್ಚಿಮ ಆಫ್ರಿಕಾದ ಬೀಜವು ಹಡಗಿನಲ್ಲಿ ಬಂದು ಮಂಗಳೂರಿನಲ್ಲಿ ಇಳಿಯುತ್ತದೆ ಎಂಬುದು ಈ ಕಡೆಯವರಿಗೆ ಹೊಸ ಸಂಗತಿಯಲ್ಲ. ಇವನು ವ್ಯಾಪಾರಿಯೊಬ್ಬರ ಪರವಾಗಿ ಹಂಗಾಮಿನ ತಿಂಗಳುಗಳಲ್ಲಿ ಸೆನೆಗಲ್ ದೇಶದಲ್ಲಿದ್ದು, ಬೀಜವನ್ನು ಕೊಯ್ದು ನೋಡಿ, ತೇವ ಪರೀಕ್ಷಿಸಿ ಖರೀದಿ ಮಾಡುವವನು. ಹೋದ ವರ್ಷ ಫೋನಿನಲ್ಲಿ, “ಮಾವ, ನಾನು ಇಲ್ಲಿ ಇರುವಾಗಲೇ ನೀವೂ ಅತ್ತೆಯೂ ಒಮ್ಮೆ ಬನ್ನಿ, ಸೈಂಟ್ ಲೂಯಿ ನೋಡಿಕೊಂಡು ಹೋಗಿ” ಎಂದನು. ಫ್ರೆಂಚರು 1659ರಲ್ಲಿ ಸೆನೆಗಲ್ ನದಿಯ ಮುಖದ ಬಳಿ ಕಟ್ಟಿದ ಊರು ಅದು. ಸ್ಥಳೀಯರ ಬಾಯಲ್ಲಿ ಅದರ ಹೆಸರು ಎನ್ದಾರ್. ದ್ವೀಪದ ಉದ್ದ ಸುಮಾರು ಎರಡು ಕಿಲೋಮೀಟರ್, ಅಗಲ ಅರ್ಧ ಕಿಲೋಮೀಟರೂ ಇಲ್ಲ. 1897ರ ಕಬ್ಬಿಣದ ಸೇತುವೆಯೊಂದು ಅದನ್ನು ನೆಲಕ್ಕೆ ಜೋಡಿಸಿದೆ. ಮರದ ಉಪ್ಪರಿಗೆಯ ಹಳೆಯ ಮನೆಗಳ ಆ ದ್ವೀಪವನ್ನು 2000ದಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆಸೆಗೆ ಮೊದಲು ಅಂಕಿಯನ್ನು ಕೇಳಬೇಕೆಂಬುದು ನನ್ನ ಅಭ್ಯಾಸ. ನೇರ ವಿಮಾನವಿಲ್ಲದ ಆ ದೇಶಕ್ಕೆ ಇಬ್ಬರು ಹೋಗಿ ಬರುವ ಟಿಕೇಟು, ವೀಸಾ, ರಾಜಧಾನಿ ಡಾಕರಿನಲ್ಲಿ ನಾಲ್ಕು ರಾತ್ರಿಯ ವಸತಿ, ಅಲ್ಲಿಂದ ಸುಮಾರು 260 ಕಿಲೋಮೀಟರ್ ದೂರದ ಸೈಂಟ್ ಲೂಯಿಗೆ ಕಾರಿನಲ್ಲಿ ಒಂದು ದಿನದ ದರ್ಶನ, ಊಟ, ವಿಮೆ ಎಲ್ಲವನ್ನೂ ಕೂಡಿಸಿದಾಗ ಮೊತ್ತವು 2,75,000 ರೂಪಾಯಿಗೆ ಬಂದು ನಿಂತಿತು. ಚಾಲಿಯ ಅಂದಿನ ಧಾರಣೆಯಲ್ಲಿ ಅದು ಆರು ಕ್ವಿಂಟಲಿಗೂ ಮಿಗಿಲಾದ ಅಡಿಕೆ. ಪ್ರವಾಸದ ಕಂಪೆನಿಯ ಮೂಲಕ ಒಟ್ಟಾಗಿ ಕೊಂಡರೆ ಮೂಲದಲ್ಲೇ ತೆರಿಗೆ ಸಂಗ್ರಹವಾಗುತ್ತದೆಂಬುದನ್ನೂ, ಆ ಹಣವು ರಿಟರ್ನು ಸಲ್ಲಿಸಿ ಸರಿಹೊಂದಿಸಿಕೊಳ್ಳುವವರೆಗೆ ನಮ್ಮ ಕೈಗೆ ಸಿಗದೆಂಬುದನ್ನೂ ಅನೇಕರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿಯ ಫ್ರಾಂಕಿನ ವಿಷಯದಲ್ಲಿ ಮಾತ್ರ ಒಂದು ಸಮಾಧಾನವುಂಟು: ಅದನ್ನು ಒಂದು ಯೂರೋಗೆ 655.957ರಂತೆ ಕಟ್ಟಿಹಾಕಿರುವುದರಿಂದ, ಯೂರೋ ಒಯ್ಯುವವನಿಗೆ ವಿನಿಮಯದ ಏರಿಳಿತವು ಒಂದೇ ಕಡೆ, ಎಂದರೆ ಇಲ್ಲಿ ಕೊಳ್ಳುವಾಗ ಮಾತ್ರ.

ಈ ಪುಟವನ್ನು ಹಿಂದಿನಿಂದ ಬಗ್ಗಿ ನೋಡಿದ ನನ್ನ ಹೆಂಡತಿ, “ಅಲ್ಲ ಮಾರಾಯ್ರೆ, ಗಡಾಯಿಕಲ್ಲು ದಿನಾ ನೋಡ್ತೀರಿ, ಅದರ ಮೇಲೆ ಕೋಟೆ ಕಟ್ಟಿಸಿದವನ ಊರಿಗೆ ಒಮ್ಮೆಯಾದರೂ ಹೋಗಿದ್ದೀರಾ?” ಎಂದು ಕೇಳಿದಳು. ಹೋಗಿರಲಿಲ್ಲ. ಮೈಸೂರಿಗೆ ಹತ್ತಾರು ಸಲ ಹೋಗಿದ್ದರೂ ಶ್ರೀರಂಗಪಟ್ಟಣವನ್ನು ಬಸ್ಸಿನ ಕಿಟಕಿಯಿಂದ ಕಂಡದ್ದಷ್ಟೇ. ಹೀಗೆ ಎದುರಿನ ಪುಟವು ಹುಟ್ಟಿಕೊಂಡಿತು.

ಗಡಾಯಿಕಲ್ಲಿನ ಕೋಟೆಯನ್ನು ಟಿಪ್ಪು ಸುಲ್ತಾನನು 1794ರಲ್ಲಿ ಕಟ್ಟಿಸಿ, ಜಮಾಲಾಬಾದ್ ಎಂದು ಕರೆದನು; ಅದು ಅವನ ತಾಯಿಯ ಹೆಸರಿನಿಂದ ಬಂದದ್ದೆಂದು ಹೇಳುತ್ತಾರೆ. ನನ್ನಂಥ ಹಣಕಾಸಿನ ಅಂಕಣಕಾರನಿಗೆ ಈ ಇಸವಿಯೇ ಒಂದು ಸೋಜಿಗದ ವಸ್ತು. ಎರಡು ವರ್ಷ ಹಿಂದೆ, 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ, ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಯುದ್ಧದಂಡವನ್ನು ಒಪ್ಪಿಕೊಂಡು, ಅದು ಸಂದಾಯವಾಗುವವರೆಗೆ ತನ್ನ ಇಬ್ಬರು ಗಂಡುಮಕ್ಕಳನ್ನು ಬ್ರಿಟಿಷರ ಕಾರ್ನ್‌ವಾಲಿಸನ ಕೈಯಲ್ಲಿ ಒತ್ತೆಯಿಟ್ಟವನು ಅವನು. ಸಾಲ ತೀರಿ ಮಕ್ಕಳು ಮರಳಿದ್ದು 1794ರಲ್ಲಿ. ನಮ್ಮ ಬೆಳ್ತಂಗಡಿಯ ಬಂಡೆಯ ಮೇಲೆ ಹೊಸ ಕೋಟೆ ಎದ್ದದ್ದೂ ಅದೇ ವರ್ಷ. ಕಂತು ತೀರಿದ ಮರುದಿನವೇ ಹೊಸ ಕಟ್ಟಡಕ್ಕೆ ಕೈಹಾಕುವ ಗೃಹಸ್ಥರನ್ನು ನಾನು ಕಂಡಿದ್ದೇನೆ, ಆದರೆ ಈ ಪ್ರಮಾಣದಲ್ಲಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಸುಲ್ತಾನನು ಮಡಿದನು. ರಾಜಧಾನಿಯು ಮೈಸೂರಿಗೆ ಹೋಯಿತು. ಬಂಟ್ವಾಳದ ಕಡೆಯ ನನ್ನ ಕ್ರೈಸ್ತ ಸ್ನೇಹಿತರೊಬ್ಬರು ಶ್ರೀರಂಗಪಟ್ಟಣವೆಂದರೆ ಇಂದಿಗೂ ಸ್ವರ ತಗ್ಗಿಸುತ್ತಾರೆ. 1784ರಲ್ಲಿ ಕೆನರಾದ ಅವರ ಪೂರ್ವಜರನ್ನು ಸೆರೆಯಾಳುಗಳಾಗಿ ಘಟ್ಟ ಹತ್ತಿಸಿ ಒಯ್ದದ್ದು ಅಲ್ಲಿಗೇ. ಒಂದು ಊರಿನ ಲೆಕ್ಕವು ಎಲ್ಲರ ಪುಸ್ತಕದಲ್ಲಿಯೂ ಒಂದೇ ಬಗೆಯಾಗಿ ಬರೆಯಲ್ಪಟ್ಟಿರುವುದಿಲ್ಲ.

ಇನ್ನು ಶ್ರೀರಂಗಪಟ್ಟಣಕ್ಕೆ ನಾವು ಮಾಡಿದ ಪ್ರಯಾಣದ ಲೆಕ್ಕ. ಅದರಲ್ಲಿ ನಾನು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ಹಣವೇನೋ ಸಿದ್ಧವಾಗಿತ್ತು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯು, ಅಂದಿನ ಎರಡಾಣೆಯಿಂದ ತೊಡಗಿ, ನಮ್ಮ ಜಿಲ್ಲೆಯ ಸಣ್ಣ ಸಂಸಾರಗಳಿಗೆ ಉಳಿತಾಯವನ್ನು ಕಲಿಸಿದ ಬಗೆಯು ಅದ್ಭುತವಾದುದು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾದರೂ ಪಿಗ್ಮಿ ಎಂಬ ಮಾತು ನಮ್ಮ ಸೊಸೈಟಿಗಳಲ್ಲಿ ಬದುಕಿದೆ. ದಿನಕ್ಕೆ ಅರುವತ್ತು ರೂಪಾಯಿಯಂತೆ, ರಜೆಗಳನ್ನು ಕಳೆದು ತಿಂಗಳಿಗೆ ಇಪ್ಪತ್ತೈದು ದಿನ, ವರ್ಷಾಂತ್ಯಕ್ಕೆ ಹದಿನೆಂಟು ಸಾವಿರ ಕೂಡಿತು. ಬಡ್ಡಿ ಅಲ್ಪ, ನಿಜ. ಆದರೆ ಮನೆಯ ಬಾಗಿಲಿಗೆ ಬಂದು ಕೈಚಾಚುವ ಪಿಗ್ಮಿಯವರ ಮುಂದೆ ‘ನಾಳೆ ನೋಡುವ’ ಎನ್ನಲು ನಾಚಿಕೆಯಾಗುತ್ತದೆ. ಆ ನಾಚಿಕೆಯ ಬೆಲೆಯನ್ನು ಬಡ್ಡಿಯ ಜೊತೆಗೆ ಕೂಡಿಸಬೇಕು.

ತಪ್ಪಾದದ್ದು ವಸತಿಯಲ್ಲಿ. ಶ್ರೀರಂಗಪಟ್ಟಣದಲ್ಲಿ ನದಿಯ ಪಕ್ಕದ ಕೋಣೆಗೆ ರಾತ್ರಿಗೆ 2,200 ಎಂದರು; ಮೈಸೂರಿನಲ್ಲಿ 1,500ಕ್ಕೆ ಸಿಕ್ಕಿತು. ಮೂರು ರಾತ್ರಿಗೆ 2,100 ಉಳಿಸಿದೆನೆಂಬ ಹೆಮ್ಮೆಯಿಂದ ಚಾರ್ಮಾಡಿ ಘಾಟಿಯನ್ನು ಹತ್ತಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಹಾಸನದ ಮೇಲಾಗಿ ಮೈಸೂರು ಸೇರಿದೆವು. ಹೆಂಡತಿಯ ಮೊಣಕಾಲಿಗೆ ಬಸ್ಸಿನ ಮೆಟ್ಟಿಲು ಆಗದಾದ್ದರಿಂದ ಎರಡು ದಿನವೂ ಟ್ಯಾಕ್ಸಿ. ಕಾಯುವ ಬಾಡಿಗೆ ಸೇರಿ ದಿನಕ್ಕೆ 1,900. ದ್ವೀಪದಲ್ಲೇ ಉಳಿದಿದ್ದರೆ ಆಟೋದವನು ಇಡೀ ದಿನಕ್ಕೆ 600ಕ್ಕೆ ಒಪ್ಪುತ್ತಿದ್ದನೆಂದು ಅಲ್ಲಿ ತಿಳಿಯಿತು. ಎಂದರೆ 2,100 ಉಳಿಸಲು ಹೋಗಿ 2,600 ಹೆಚ್ಚಿಗೆ ತೆತ್ತೆನು. ಐನೂರರ ನಷ್ಟವು ಹೇಳಿಕೊಳ್ಳತಕ್ಕದ್ದೇನಲ್ಲ. ಆದರೆ ಎರಡು ದಿನಗಳಲ್ಲಿ ಮೂರು ಗಂಟೆಗಳು ರಸ್ತೆಯ ಪಾಲಾದವು, ಮತ್ತು ನಾವು ತಲಪುವ ವೇಳೆಗೆ ಎರಡು ಬೆಳಗುಗಳೂ ಬಿಸಿಲೇರಿ ಮುಗಿದಿದ್ದವು.

ಆ ನಷ್ಟವು ಎಂಥದೆಂದು ಗೊತ್ತಾದದ್ದು ದರಿಯಾ ದೌಲತ್‌ನಲ್ಲಿ. 1784ರ ಆ ತೇಗದ ಬೇಸಗೆ ಅರಮನೆಯ ಹೊರಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ: ಕುದುರೆಗಳ ಸಾಲಿನ ಮೇಲೆ ಸಾಲು, ನಡುವೆ ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕುಳಿತ ಗಾಯಾಳು ಬ್ರಿಟಿಷ್ ಕರ್ನಲ್ ಬೇಲಿ. ನನ್ನ ಹೆಂಡತಿಯು ಆ ಪಲ್ಲಕ್ಕಿಯ ಮುಂದೆ ನಿಂತವಳು ಕದಲಲೊಲ್ಲಳು. ಒಂದೊಂದು ಕುದುರೆಯ ಕಣ್ಣನ್ನೂ ನೋಡತೊಡಗಿದಳು. ಹೊರಗೆ ಟ್ಯಾಕ್ಸಿಯವನ ಕಾಯುವ ಬಾಡಿಗೆಯು ಏರುತ್ತಿರುವುದನ್ನು ನೆನೆದು ನಾನು ಎರಡು ಸಲ ಕೆಮ್ಮಿದೆನು. ಅವಳು ಹೊರಟು ಬಂದಳು. ಆ ಕೆಮ್ಮನ್ನು ಯಾವ ಪುಟಕ್ಕೆ ಖರ್ಚು ಹಾಕಬೇಕೆಂದು ಇಂದಿಗೂ ತಿಳಿಯದು.

ಮನೆಗೆ ಮರಳಿದ ಮೇಲೆ ಮಾಡಿದ ಮೊದಲ ಕೆಲಸವೆಂದರೆ ಸೈಂಟ್ ಲೂಯಿಯ ಪುಟವನ್ನು ತಿದ್ದಿದ್ದು. ಅಲ್ಲಿಯೂ ನಾನು ಇದೇ ತಪ್ಪನ್ನು ಬರೆದಿಟ್ಟಿದ್ದೆನಷ್ಟೆ: ದೊಡ್ಡ ಊರಿನಲ್ಲಿ ಬಿಡಾರ, ದ್ವೀಪಕ್ಕೆ ಓಡಿ ಹೋಗಿ ಓಡಿ ಬರುವುದು! 1902ರಲ್ಲಿ ಫ್ರೆಂಚ್ ಪಶ್ಚಿಮ ಆಫ್ರಿಕಾದ ರಾಜಧಾನಿಯು ಡಾಕರಿಗೆ ಹೋದ ಮೇಲೆ ಸೈಂಟ್ ಲೂಯಿ ಸಾವಧಾನದ ಊರಾಗಿ ಉಳಿದಿದೆ. ಅಳಿಯನು ಹೇಳುವಂತೆ ಅಲ್ಲಿ ಕೋಣೆ ಅಗ್ಗ, ಕುದುರೆ ಗಾಡಿಯಲ್ಲಿ ಒಂದು ಸಂಜೆಗೆ ದ್ವೀಪವೆಲ್ಲ ಸುತ್ತಬಹುದು. ಡಾಕರಿನಲ್ಲಿ ಒಂದು ರಾತ್ರಿ, ದ್ವೀಪದಲ್ಲಿ ಮೂರು ಎಂದು ಬದಲಿಸಿದೊಡನೆ ಮೊತ್ತವು 2,62,000ಕ್ಕೆ ಇಳಿಯಿತು. ಇದರಲ್ಲಿ 1,20,000 ಪಿಗ್ಮಿಯಿಂದ: ದಿನಕ್ಕೆ ಇನ್ನೂರರಂತೆ ಎರಡು ವರ್ಷ. ಉಳಿದುದಕ್ಕೆ ವರ್ಷಕ್ಕೆ ಸುಮಾರು ಒಂದೂಮುಕ್ಕಾಲು ಕ್ವಿಂಟಲ್ ಅಡಿಕೆಯ ಹಣವನ್ನು ಬೇರೆಯಾಗಿಡಬೇಕು. ಎಲ್ಲವನ್ನೂ ಅಡಿಕೆಯ ಮೇಲೆ ಹೊರಿಸಲು ಧೈರ್ಯವಿಲ್ಲ. ಒಂದು ಮಳೆಗಾಲದ ಕೊಳೆರೋಗ ಸಾಕು, ಲೆಕ್ಕವೆಲ್ಲ ಬುಡಮೇಲಾಗಲು. ಚಿನ್ನ ಅಡವಿಟ್ಟು ದೇಶ ನೋಡಲು ಹೋಗುವ ಈಗಿನ ಹುಡುಗರ ಕ್ರಮವಂತೂ ನನಗೆ ಹಿಡಿಸದು. ಒತ್ತೆಯಿಟ್ಟವನ ಕಥೆಯನ್ನು ಆಗಲೇ ಹೇಳಿದ್ದೇನೆ.

ಹಾಗೆಂದು ಕಾಲವನ್ನು ಅನಿಯತವಾಗಿ ಮುಂದೂಡುವಂತೆಯೂ ಇಲ್ಲ. 2003ರಲ್ಲಿ ನೆರೆಯಿಂದ ಸೈಂಟ್ ಲೂಯಿಯನ್ನು ಉಳಿಸಲೆಂದು ಸಮುದ್ರದ ಕಡೆಯ ಮರಳ ನಾಲಗೆಯಲ್ಲಿ ನಾಲ್ಕು ಮೀಟರ್ ಅಗಲದ ಕಾಲುವೆ ತೋಡಿದರಂತೆ. ಅದೇ ಕಾಲುವೆಯನ್ನು ಕಡಲು ಕಿಲೋಮೀಟರುಗಟ್ಟಲೆ ಅಗಲಿಸಿ ದಂಡೆಯ ಹಳ್ಳಿಗಳನ್ನು ನುಂಗಿತು. ಉಳ್ಳಾಲ, ಸೋಮೇಶ್ವರಗಳ ಕಡಲ್ಕೊರೆತವನ್ನು ಕಂಡ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ನನ್ನದೇ ದೇಹದ ಅವಧಿಯೂ ಒಂದಿದೆ. ಆ ದೇಶದಿಂದ ಮರಳುವವರು ಹಳದಿ ಜ್ವರದ ಚುಚ್ಚುಮದ್ದಿನ ಪ್ರಮಾಣಪತ್ರ ತೋರಿಸದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿರಿಸುತ್ತಾರೆ. ಮದ್ದನ್ನು ಕನಿಷ್ಠ ಹತ್ತು ದಿನ ಮೊದಲೇ ಪಡೆದಿರಬೇಕು. ಅರುವತ್ತು ದಾಟಿದ ಮೇಲೆ ಮೊದಲ ಸಲ ಪಡೆಯುವವರು ವೈದ್ಯರೊಡನೆ ಆಲೋಚಿಸಿಯೇ ಮುಂದುವರಿಯತಕ್ಕದ್ದು. ನನಗೆ ಈಗ ಐವತ್ತೆಂಟು. 2016ರಿಂದೀಚೆಗೆ ಆ ಪ್ರಮಾಣಪತ್ರವು ಆಜೀವ ಊರ್ಜಿತವಾದ್ದರಿಂದ, ಎರಡು ವರ್ಷ ಮುಂಚಿತವಾಗಿ ಮಾಡಿದರೂ ಹಾಳಾಗದ ಖರ್ಚು ಇಡೀ ಪುಟದಲ್ಲಿ ಅದೊಂದೇ.

ಇದನ್ನು ಊಟದ ಹೊತ್ತಿಗೆ ಮಾತಿಗೆ ಹೇಳಿದ್ದೆನು. ಹೆಂಡತಿಯು ಏನೂ ಅನ್ನಲಿಲ್ಲ. ಮೊನ್ನೆ ಪಿಗ್ಮಿಯವರಿಗೆ ಹಣ ಕೊಟ್ಟು, ಬರೆದಿಡಲೆಂದು ಪುಸ್ತಕ ತೆರೆದರೆ, ಸೈಂಟ್ ಲೂಯಿಯ ಪುಟದ ಕೆಳಗೆ ನನ್ನದಲ್ಲದ ದುಂಡು ಅಕ್ಷರದಲ್ಲಿ ಒಂದು ಸಾಲು ಸೇರಿತ್ತು: ‘ಚುಚ್ಚುಮದ್ದು, ಇಬ್ಬರಿಗೆ, ಈ ತಿಂಗಳೇ.’