ಗರಿ ಆರಿಸುವಾಗ ಕುತ್ತಿಗೆ ನೋಡಿ

ಮೀನು ಹಿಡಿಯಲು ಕೊಕ್ಕೆಗೆ ಗರಿ ಸುತ್ತಿ, ನೀರಿನ ಮೇಲೆ ತೇಲುವ ಡ್ರೈ ಫ್ಲೈ ಗಾಳ ಕಟ್ಟುವ ಆಸೆ ಇದ್ದರೆ ಗರಿಗಾಗಿ ವಿದೇಶದತ್ತ ನೋಡಬೇಕಿಲ್ಲ. ಅಮೆರಿಕದಲ್ಲಿ ಗರಿಗೆಂದೇ ಹುಂಜ ಸಾಕುವವರಿದ್ದಾರೆ, ನಿಜ. ಆ ಗರಿ ನೀಳ, ಬಲು ದುಬಾರಿ. ತಾವರಗೇರಾ, ಕುಷ್ಟಗಿ ಕಡೆಯ ಹಿತ್ತಲಲ್ಲಿ ಓಡಾಡುವ ಜವಾರಿ ಹುಂಜದಿಂದಲೇ ಕಲಿಕೆ ಶುರುವಾಗಲಿ.

ವರ್ಷ ದಾಟಿದ ಹುಂಜದ ಕುತ್ತಿಗೆ ಗರಿಯನ್ನೇ ಕೇಳಿ. ಆರೇಳು ವಾರಕ್ಕೇ ಅಂಗಡಿ ಸೇರುವ ಬ್ರಾಯ್ಲರ್‌ನ ಎಳೆ ಗರಿ ಇದಕ್ಕೆ ಆಗದು. ಹೇಂಟೆಯ ಗರಿ ಮೆತ್ತಗೆ, ನೀರು ಹೀರುತ್ತದೆ. ಅದು ಮುಳುಗುವ ಗಾಳಕ್ಕೆ ಸರಿ.

ಒಂದು ಗರಿಯನ್ನು ಬೆಳಕಿಗೆ ಹಿಡಿಯಿರಿ. ನಡುಗಡ್ಡಿಯ ಪಕ್ಕದಲ್ಲಿ ಮಸುಕಾದ, ಹತ್ತಿಯಂಥ ಪಟ್ಟಿ ಕಾಣುತ್ತದೆ. ಅದು ಎಷ್ಟು ಕಿರಿದೋ ಅಷ್ಟು ಒಳ್ಳೆಯದು. ಈಗ ಗರಿಯನ್ನು ಬಿಲ್ಲಿನಂತೆ ಬಾಗಿಸಿ: ಎಳೆಗಳು ಒಂದೊಂದಾಗಿ ನೆಟ್ಟಗೆ ನಿಲ್ಲಬೇಕು, ತುಟಿಗೆ ತಾಗಿಸಿದರೆ ಚುಚ್ಚಬೇಕು. ಗಾಳವನ್ನು ನೀರಿನ ಮೇಲೆ ಎತ್ತಿ ಹಿಡಿಯುವುದು ಆ ಬಿಗುವೇ. ಎಳೆಯ ಉದ್ದ ಕೊಕ್ಕೆಯ ಬಾಯಗಲದ ಒಂದೂವರೆಯಿಂದ ಎರಡು ಪಟ್ಟು ಇರಲಿ. ಕಡ್ಡಿ ತೆಳ್ಳಗೆ, ಬಳುಕುವಂತಿರಬೇಕು. ದಪ್ಪವಿದ್ದರೆ ಸುತ್ತುವಾಗ ತಿರುಚಿಕೊಳ್ಳುತ್ತದೆ. ಬಣ್ಣಕ್ಕೆ ಮರುಳಾಗಬೇಡಿ, ಬಿಗುವು ಮುಖ್ಯ.

ತಂದ ಗರಿಯನ್ನು ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಇಲ್ಲದಿದ್ದರೆ ಹುಳು ಬೀಳುತ್ತದೆ.

ಕಾಡುಕೋಳಿಯ ಚುಕ್ಕೆ ಗರಿ ಯಾರಾದರೂ ಮಾರಲು ತಂದರೆ ಮಾತ್ರ ಮುಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಹಕ್ಕಿಗೆ ರಕ್ಷಣೆ ಕೊಟ್ಟಿದೆ. ದಯವಿಟ್ಟು ಊರ ಹುಂಜದ ಗರಿಯಲ್ಲೇ ಕೈ ಪಳಗಿಸಿಕೊಳ್ಳಿ.